ನಿಲ್ಲದ ಲೋಲಕದ ಪಾಠ

ಸುರಪುರ
ಫೆಬ್ರವರಿ ೩೦, ೨೧೯೩

ನನಗಿಂತ ಒಂದೂವರೆ ಶತಮಾನ ಹಿಂದೆ ಕುಳಿತು ಹೈಸ್ಕೂಲಿನ ಭೌತಶಾಸ್ತ್ರಕ್ಕೆ ಡಿಜಿಟಲ್ ಪಾಠಗಳನ್ನು ಸಿದ್ಧಪಡಿಸುತ್ತಿರುವ ಹಿರಿಯರಿಗೆ ವಂದನೆಗಳು.

ಕ್ಯಾಲೆಂಡರ್ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನ. ತಾರೀಕು ತಪ್ಪೆಂದು ಪತ್ರವನ್ನು ಎಸೆಯಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಇಲ್ಲಿ ಮಾತಾಡುವ ಸಂದರ್ಭ ಕಡಿಮೆ, ರೂಢಿ ತಪ್ಪಿದೆ.

ನಾನು ಶಾಲೆಯ ಕಾವಲುಗಾತಿ. ಶಿಕ್ಷಕರ ಹುದ್ದೆ ನನ್ನ ಅಜ್ಜಿಯ ಕಾಲಕ್ಕೇ ಹೋಯಿತು, ಆದರೂ ಮಕ್ಕಳು ಹಿಂದೆ ಶಿಕ್ಷಕಿಯರನ್ನು ಕರೆಯುತ್ತಿದ್ದಂತೆ ನನ್ನನ್ನು ಅಕ್ಕಾರು ಎನ್ನುತ್ತಾರೆ. ಇಪ್ಪತ್ತಾರು ಮಕ್ಕಳಿಗೆ ಇಪ್ಪತ್ತಾರು ಪಾಠಗೂಡುಗಳಿವೆ. ಬಾಗಿಲು ಹಾಕಿದೊಡನೆ ನಾಲ್ಕು ಗೋಡೆಗಳೂ ಪರದೆಯಾಗುವ ಪುಟ್ಟ ಕೋಣೆಗೆ ನಾವು ಹಾಗೆನ್ನುತ್ತೇವೆ. ಪಾಠ ಆಯಾ ಮಗುವಿನ ವೇಗಕ್ಕೆ ತಕ್ಕಂತೆ ಓಡುವುದರಿಂದ ಯಾವ ಇಬ್ಬರೂ ಒಂದೇ ದಿನ ಒಂದೇ ಪಾಠ ಕಲಿಯುವುದಿಲ್ಲ. ಬುತ್ತಿ ಬಿಚ್ಚಿ ಕುಳಿತಾಗಲೂ ಅವರಿಗೆ ಆಡಲು ಮಾತಿಲ್ಲ. ನಾನು ಪಡಸಾಲೆಯಲ್ಲಿ ಕುಳಿತು ಮುಚ್ಚಿದ ಬಾಗಿಲುಗಳನ್ನು ನೋಡುತ್ತೇನೆ.

ಕಳೆದ ತಿಂಗಳು ಒಂಬತ್ತನೇ ತರಗತಿಯ ಹುಲಿಗೆಮ್ಮ ಗೂಡಿನಿಂದ ಹೊರಬಂದಳು. ಕೈಯಲ್ಲಿ ದಾರಕ್ಕೆ ಕಟ್ಟಿದ ಕಲ್ಲಿತ್ತು.

“ಅಕ್ಕಾರೆ, ಇದು ನಿಲ್ತದ್ರಿ. ಪಾಠದಾಗಿಂದು ನಿಲ್ಲಂಗಿಲ್ಲ. ಒಂಬತ್ತ ಸಲ ಮಾಡಿ ನೋಡೀನಿ. ನನ್ ಕೈಯಾಗೇ ಏನೋ ತಪ್ಪದ.”

ಲೆಕ್ಕ ಸುಲಭವಾಗಲೆಂದು ನೀವು ಲೋಲಕದ ಪಾಠದಲ್ಲಿ ಗಾಳಿಯ ತಡೆಯನ್ನು ಕೈಬಿಟ್ಟಿದ್ದಿರಿ. ಹಾಗೆ ಕೈಬಿಟ್ಟಿದ್ದೇವೆ ಎಂಬ ಒಂದು ಸಾಲೂ ಇದ್ದಿರಬೇಕು. ಎಷ್ಟನೆಯ ಪರಿಷ್ಕರಣೆಯಲ್ಲಿ ಬಿದ್ದುಹೋಯಿತೋ ತಿಳಿಯದು. ಅವಳು ದಾಖಲಿಸಿದ ಒಂಬತ್ತಕ್ಕೂ ಪಾಠ ‘ವೀಕ್ಷಣೆ ತಪ್ಪು’ ಎಂದಿತ್ತು. ಹತ್ತನೆಯದೂ ತಪ್ಪಾದರೆ ಆ ಮಗುವಿಗೆ ಭೌತಶಾಸ್ತ್ರ ಮುಚ್ಚುತ್ತದೆ. ಅದು ಇಲ್ಲಿನ ನಿಯಮ.

ನಾನೂ ಅದೇ ಪಾಠ ಕಲಿತವಳು. ಕಲ್ಲು ಏಕೆ ನಿಲ್ಲುತ್ತದೆಂದು ಆಗ ನನಗೂ ಗೊತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಕಲ್ಲನ್ನು ತೂಗಿಬಿಟ್ಟು ಇಬ್ಬರೂ ಎಣಿಸಿದೆವು. ನಿಂತಿತು. ಆಮೇಲೆ ನಾನು ಮಾಡಬಾರದ್ದನ್ನು ಮಾಡಿದೆ, ಎಲ್ಲ ಗೂಡುಗಳ ಬಾಗಿಲನ್ನೂ ತೆರೆದೆ. ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ಬಂದರು. ಯಾರೋ ಕಲ್ಲಿಗೆ ಅಗಲವಾದ ಎಲೆಯೊಂದನ್ನು ಕಟ್ಟಿದರು; ಅದು ಬೇಗ ನಿಂತಿತು. “ಗಾಳಿ ತಡೀತದ,” ಎಂದಿತು ಒಂದು ದನಿ. “ಇಲ್ಲ, ಎಲಿ ಭಾರ,” ಎಂದಿತು ಇನ್ನೊಂದು. ಎಲೆಯನ್ನು ಮಡಚಿ ಸಣ್ಣದು ಮಾಡಿ ಕಟ್ಟಿದರು, ಮತ್ತೆ ಎಣಿಸಿದರು, ಜಗಳವಾಡಿದರು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಶಾಲೆಯ ಗದ್ದಲ ಕೇಳಿದೆ.

ಸಂಜೆ ಹುಲಿಗೆಮ್ಮನನ್ನು ಪಕ್ಕಕ್ಕೆ ಕರೆದು, ‘ನಿಲ್ಲುವುದಿಲ್ಲ’ ಎಂದೇ ಬರೆದುಬಿಡು ಎಂದೆ. ಒಂದು ಸಾಲು ತಾನೇ.

“ಕಂಡದ್ದು ಬಿಟ್ಟು ಹ್ಯಾಂಗ ಬರೀಲ್ರಿ?” ಎಂದಳು.

ಕಂಡದ್ದನ್ನೇ ಬರೆದಳು. ಭೌತಶಾಸ್ತ್ರ ಮುಚ್ಚಿತು. ಅವಳನ್ನು ಲಿಂಗಸುಗೂರಿನ ಹೊಲಿಗೆ ತರಬೇತಿಗೆ ಕಳಿಸಿದರು. ಹೋಗುವ ದಿನ ಅವಳು ನನ್ನ ಕಡೆ ನೋಡಲಿಲ್ಲ. ಉಳಿದವರು ಗೂಡುಗಳಿಗೆ ಮರಳಿದ್ದಾರೆ. ಈಗ ಬಾಗಿಲುಗಳಿಗೆ ನನ್ನ ಕೈಯಿಂದ ತೆರೆಯಲಾಗದ ಬೀಗಗಳು ಬಂದಿವೆ.

ನಿಮ್ಮ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನೀವು ಮಾಡಿದ ಗ್ರಹಗಳ ಪಾಠ ನೋಡಿ ಚಿಕ್ಕವಳಿದ್ದಾಗ ಅತ್ತಿದ್ದೇನೆ, ಅಷ್ಟು ಚೆನ್ನಾಗಿತ್ತು. ಒಂದೇ ಬೇಡಿಕೆ. ಪ್ರತಿ ಪಾಠವೂ ಎಲ್ಲಾದರೂ ಒಂದೆಡೆ ಸುಮ್ಮನಾಗಲಿ, ‘ಪಕ್ಕದಲ್ಲಿ ಕುಳಿತವರನ್ನು ಕೇಳು’ ಎನ್ನಲಿ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಮುಂದಕ್ಕೆ ಹೋಗದಿರಲಿ.

ಇತಿ,
ಮಹಾನಂದಾ ಯಾಳಗಿ