ಸಾಕು ಅಂದ ಮೇಲೂ ಒಂದು ಸೌಟು

೧೪ ನವೆಂಬರ್ ೨೦೦೬, ಮಂಗಳವಾರ

ಅತ್ತೆ ಇವತ್ತು ನಮ್ಮ ಅಂಗಡಿಗೆ ಬಂದರು! ಮದುವೆಯಾಗಿ ಮೂರು ತಿಂಗಳು, ಅಂಗಡಿ ತೆರೆದು ಒಂಬತ್ತು ದಿನ. "ನಿಂತು ತಿನ್ನೂ ಅಂಗಡಿಗೆ ನಾ ಬರಂಗಿಲ್ಲ" ಅಂದಿದ್ದವರು. ಅವರು ಒಪ್ಪುವವರೆಗೆ ನನ್ನ ಗಂಡ ಪ್ರೇಮ್‌ಗೆ ನಿದ್ದೆಯಿಲ್ಲ. ನನಗೆ ಮಾತ್ರ ಅನುಮಾನವೇ ಇರಲಿಲ್ಲ.

ಹಡಗಿನಲ್ಲಿ ಅಡುಗೆಯವನಾಗಿದ್ದಾಗ ಪ್ರೇಮ್ ಹವಾಯಿಯಲ್ಲಿ ಕಲಿತದ್ದು ಪೋಕೆ. ಅಲ್ಲಿ ಅನ್ನದ ಮೇಲೆ ಹಸಿ ಮೀನು. ಸದಾಶಿವ ಪೇಠೆಯ ನಮ್ಮ ಕೌಂಟರಿನಲ್ಲಿ ಮೀನಿನ ಬದಲು ಬೀಟ್‌ರೂಟ್, ಪಕ್ಕದಲ್ಲಿ ಅತ್ತೆ ಕಲಿಸಿದ ಕಡಲೆಹಿಟ್ಟಿನ ಝುಣಕ, ರೊಟ್ಟಿ. ಟ್ಯೂಷನ್ ಹುಡುಗಿಯರು ಮುಗಿಬೀಳುತ್ತಾರೆ. ನನ್ನ ಗಂಡ ಜೀನಿಯಸ್!

ಅತ್ತೆ ಮೂಲೆಯ ಸ್ಟೂಲಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತರು. ಎಲ್ಲರ ಹಾಗೆ ಕೌಂಟರಿಗೆ ಬಂದು ಬೇಕಾದ್ದು ಹೇಳುತ್ತಾರೆ ಎಂದು ನಾನು ಕಾದೆ. ಕೊನೆಗೆ ನಾನೇ ಹೋಗಿ ಕೇಳಿದೆ.

"ಬಾಯಿ ಬಿಟ್ಟು ಊಟ ಕೇಳಬೇಕೇನವಾ ನಾ?"

ಓಡಿಹೋಗಿ ಬಟ್ಟಲು ತಂದೆ, ಎದುರಿಗೆ ನಿಂತು ಬಡಿಸಿದೆ. "ಸಾಕು" ಅಂದರು. ನಿಲ್ಲಿಸಿದೆ. ಪ್ರೇಮ್ ಹಣೆ ಚಚ್ಚಿಕೊಂಡು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಸಾಕಂದ್ರ ನಿಲ್ಲಿಸೇ ಬಿಡೂದಾ, ಹುಚ್ಚಿ? ಮೂರು ಸಲ ಅನಸಬೇಕು!"

ಮೂರು ಸಲ ಅನ್ನಿಸಿದೆ. ಬಟ್ಟಲು ಖಾಲಿಯಾಯಿತು. "ಈ ಕೆಂಪಂದು ಭಾಳ ಚಲೋ ಅದ" ಅಂದರು. ನಾನು ಗೆದ್ದೆ!

ಹೊರಡುವಾಗ ನನ್ನ ಕಿವಿಯಲ್ಲಿ, "ನಾಳೆ ಹತ್ತಕ್ಕ ಬರ್ತೀನಿ. ಸೌಟು ನನ್ನ ಕೈಯಾಗ ಕೊಡು. ನಿಮಗ ಬಡಿಸಾಕ ಬರಂಗಿಲ್ಲ."

ಪ್ರೇಮ್‌ಗೆ ಇನ್ನೂ ಹೇಳಿಲ್ಲ. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ, ಒಂಬತ್ತು ದಿನಗಳಲ್ಲಿ ಇದೇ ಮೊದಲು. ಎಬ್ಬಿಸಿ ಹೇಳಲೇ, ಇಲ್ಲ ಬೆಳಿಗ್ಗೆ ಹೇಳಲೇ?