ಮಡಕಶಿರಾದ ತಂತಿಯ ಮೇಲೆ

೫ ಮಾರ್ಚ್ ೨೦೧೮, ಸೋಮವಾರ
ಇವತ್ತೂ ರಾಶಿ ಜೀನ್ಸಿಗೆ ಬೆಲ್ಟ್, ಅಂದರೆ ಸೊಂಟದ ಪಟ್ಟಿ, ಹೊಲಿದೆ. ಸೊಂಟ ಬಿದ್ದೇ ಹೋಯಿತು. ಊಟದ ಹೊತ್ತಿಗೆ ಪಕ್ಕದ ಮಿಷಿನ್ನಿನ ಜ್ಯೋತಿ ಫೋನ್ ಹಿಡಿದಳು — ಮಡಕಶಿರಾದ ಮೀನಾಕ್ಷಿ ಎಂಬವಳ ಫೇಸ್‌ಬುಕ್. ಪ್ರತಿ ಫೋಟೋಗೂ ನನ್ನ ಗಂಡ ಚಂದ್ರಮೋಹನರ ಲೈಕ್. ವಾರಕ್ಕೆರಡು ದಿನ ಅವರು ಪ್ಯಾಂಟಿನ ಬಂಡಲ್ ಹಾಕಿಕೊಂಡು ಮಾರಲು ಹೋಗುವುದು ಆ ಊರಿಗೇ. ಮಲಗುವುದು ಲಾಡ್ಜಿನಲ್ಲಂತೆ.

"ಅಕ್ಕಾ, ನಮ್ಮಣ್ಣನ ಮೊಬೈಲ್ ಅಂಗಡ್ಯಾಗ ಒಂದ್ ಆ್ಯಪ್ ಹಾಕ್ಕೊಡ್ತಾನ. ಭಾವನ ಮೆಸೇಜೆಲ್ಲ ನಿನಗೇ ಬರ್ತಾವ."

ಬೇಡ ಎಂದೆ. ಕದ್ದು ನೋಡುವುದು ಕಾನೂನಿಗೂ ತಪ್ಪು, ನನಗೂ ಹೇಸಿಗೆ. ಲೈಕ್ ಒತ್ತಿದವರೆಲ್ಲ ಕೆಟ್ಟವರಾದರೆ ರಾಯದುರ್ಗದಲ್ಲಿ ಒಂದು ಸಂಸಾರವೂ ಉಳಿಯದು.

೮ ಮಾರ್ಚ್
ನೋಡಿದೆ. ಮೀನಾಕ್ಷಿಯ ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವುದನ್ನು ಮಾತ್ರ. ಅಂಗಳದಲ್ಲಿ ಅವಳ ಸೆಲ್ಫಿ, ಹಿಂದೆ ತಂತಿಯ ಮೇಲೆ ಜೀನ್ಸ್. ಎಡಗಡೆ ಪಾಕೆಟ್ ಸೊಟ್ಟ...

ನಾನು ಹೊಲಿದದ್ದು! ನಮ್ಮ ಹೊಲಿಗೆ ಯೂನಿಟ್ಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಹತ್ತು ವರ್ಷದಿಂದ ನನಗೆ ಬೆಲ್ಟ್ ಬಿಟ್ಟು ಬೇರೆ ಗೊತ್ತಿಲ್ಲ. ಕಳೆದ ಯುಗಾದಿಗೆ ಗಂಡನಿಗೆಂದು ಇಡೀ ಪ್ಯಾಂಟ್ ಹೊಲಿಯಲು ಹೋಗಿ ಪಾಕೆಟ್ ಕೆಡಿಸಿದ್ದೆ. "ಇರ್ಲಿ ಬಿಡು ಶಾಂತಾ, ನಿನ್ನ ಕೈ ಗುರ್ತು" ಅಂದಿದ್ದರು.

ಆದರೂ ಯಾರಿಗಾದರೂ ಕೊಟ್ಟಿರಬಹುದು. ಲಾಡ್ಜಿನಲ್ಲಿ ಕಳೆದಿರಬಹುದು.

೧೪ ಮಾರ್ಚ್, ಬುಧವಾರ
ಅದೇ ಪ್ಯಾಂಟ್ ಹಾಕಿಕೊಂಡು ಬಂದರು. ಕೊಟ್ಟೂ ಇಲ್ಲ, ಕಳೆದೂ ಇಲ್ಲ. ನೇರ ಕೇಳಿದೆ.

"ಮಡಕಶಿರಾದಾಗ ನಿಮ್ಮ ಪ್ಯಾಂಟು ಯಾರು ಒಗೀತಾರ್ರಿ?"

ಮುಖ ಬಿಳಿಚಿತು. "ನನ್ನ ಫೋನ್ ತೆಗ್ದು ನೋಡಿದೇನು ನೀ?"

"ಮುಟ್ಟಿಲ್ರಿ. ಆಕೀನೇ ಊರಿಗೆಲ್ಲ ತೋರ್ಸ್ಯಾಳ. ನಾ ಕಣ್ಮುಚ್ಕಂಡು ಕೂಡ್ಲಿಲ್ಲ, ಅಷ್ಟ."

ಫೋನ್ ಜೇಬಿಗೆ ಹಾಕಿಕೊಂಡು, "ಎರಡು ವರ್ಷ ಆತು" ಅಂದರು.

ಎರಡು ವರ್ಷ. ಅಂದರೆ ಕೈ ಗುರುತು ಎಂದು ಹೊಗಳಿದಾಗಲೂ...

ಅತ್ತೆ ಈಶ್ವರಮ್ಮ ಬಂದರು. "ಗಂಡ್ಸು, ತಪ್ಪು ಮಾಡ್ಯಾನ. ಅನುಸರ್ಸ್ಕಂಡು ಹೋಗವ್ವ."

ಆಗುವುದಿಲ್ಲ ಎಂದೆ.

೧೭ ಮಾರ್ಚ್, ಬೆಳಿಗ್ಗೆ ೭
ಮನೆ ಬಿಟ್ಟು ಜ್ಯೋತಿಯ ಓಣಿಯಲ್ಲಿ ಕೋಣೆ ಹಿಡಿದು ಎರಡು ದಿನ. ಆಗಲೇ ಚಂದ್ರಮೋಹನರು ಬಾಗಿಲಿಗೆ ಬಂದಿದ್ದಾರೆ.

"ನಾಳೆ ಯುಗಾದಿ ಐತಿ, ಮನಿಗೆ ಬಾ. ಊರವ್ರು ಏನಂತಾರ?"

ಊರವರಂತೆ! ತಪ್ಪಾಯಿತು ಎನ್ನಲು ಇನ್ನೂ ಬಾಯಿ ಬಂದಿಲ್ಲ. ಅಳು ಬಂತು, ಸಿಟ್ಟು ಅದಕ್ಕಿಂತ ಜಾಸ್ತಿ. ಎಂಟಕ್ಕೆ ಮಿಷಿನ್ ಶುರು. ಅವರು ಹೊಸ್ತಿಲಲ್ಲೇ ಕೂತಿದ್ದಾರೆ. ಕೂತಿರಲಿ. ತಲೆ ಬಗ್ಗಿಸಿ ಪಕ್ಕಕ್ಕೆ ಸರಿದು ಹೋಗುವವಳು ನಾನಲ್ಲ. ಏಳ್ರಿ, ದಾರಿ ಬಿಡ್ರಿ ಅಂತ ಮುಖ ನೋಡಿಯೇ ಹೇಳಿ ಕೆಲಸಕ್ಕೆ ಹೋಗುತ್ತೇನೆ.