ಆಕಾಶ ಬೀಳುವ ದೃಶ್ಯ

ದೊಡ್ಡಬಳ್ಳಾಪುರ
೧೨ ಅಕ್ಟೋಬರ್ ೨೦೨೫

ಪ್ರೀತಿಯ ಅಭಿ,

ಏನಪ್ಪಾ, ಹೇಗಿದ್ದೀಯ? ನೀನು ಮೆಸೇಜ್ ಹಾಕಿ ಎರಡು ವಾರವಾಯಿತು, ಅಕ್ಕ ಉತ್ತರ ಕೊಡಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈದುಕೋ. ಫೋನಲ್ಲಿ ಹೇಳೋಣವೆಂದರೆ ಮಗ್ಗದ ಸದ್ದಿಗೆ ಕಿರುಚಬೇಕು, ಕಿರುಚಿದರೆ ಅಮ್ಮನಿಗೆ ಕೇಳುತ್ತದೆ. ಅದಕ್ಕೇ ಈ ಕಾಗದ. ಪಿಲ್ಲಗುಂಪೆಯ ಫ್ಯಾಕ್ಟರಿ ಹತ್ತಿರದ ನಿನ್ನ ರೂಮು ಪೋಸ್ಟ್‌ಮ್ಯಾನಿಗೆ ಸಿಕ್ಕಿದರೆ ಅವನಿಗೊಂದು ಟೀ ಕೊಡಿಸು.

ಅಮ್ಮ ಚೆನ್ನಾಗಿದ್ದಾಳೆ. ಅಪ್ಪ ಎಂದಿನಂತೆ ಮಗ್ಗ ಓಡಿಸುತ್ತಿದ್ದಾರೆ. ಹೋದ ಸಲ ನೀನು ಬಸ್ ಹತ್ತುವಾಗ ಅಷ್ಟು ಕರೆದರೂ ಅಪ್ಪ ತಿರುಗಿ ನೋಡಲಿಲ್ಲವೆಂದು ಇನ್ನೂ ಮುಖ ಊದಿಸಿಕೊಂಡಿದ್ದೀಯಂತೆ. ಯುಗಾದಿಯಿಂದ ಈ ಕಡೆ ತಲೆಯೇ ಹಾಕಿಲ್ಲ. ನೀನು ಯಾವಾಗ ಬರುತ್ತೀಯ ಅಂತ ಅಮ್ಮ ದಿನಾ ನನ್ನ ತಲೆ ತಿನ್ನುತ್ತಾಳೆ.

ಈಗ ಸಿನಿಮಾ ವಿಷಯ. ಜನ ಏನಂದರು, ಅಪ್ಪ ಏನಂದರು ಅಂತ ನೀನು ಕೇಳಿದ್ದೆ. ಜನರದ್ದೇ ಮೊದಲು ಹೇಳುತ್ತೇನೆ, ಹೊಟ್ಟೆ ಉರಿದುಹೋಗಿದೆ. ನಿನಗೇ ಗೊತ್ತು, ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದಲ್ಲಿ ಇಷ್ಟು ವರ್ಷ ನನಗೆ ಸಿಕ್ಕಿದ್ದೆಲ್ಲ ಗುಂಪಿನಲ್ಲಿ ಕಿರುಚುವವಳು, ಆಸ್ಪತ್ರೆಯ ನರ್ಸು, ಸೋಪಿನ ಜಾಹೀರಾತು. ನಾಯಕಿಗೆ ದನಿ ಕೊಟ್ಟದ್ದು ಇದೇ ಮೊದಲು. ಹಾಲಿವುಡ್‌ನಲ್ಲಿ ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲದ ಶೂಟಿಂಗ್ ಬಗ್ಗೆ ಒಂದು ತಮಾಷೆ ಚಿತ್ರ. ಬಟ್ಟೆಯ ಮೇಲೆ ಬರೆದ ಆಕಾಶ, ಹೇಳಿದ ಮಾತು ಕೇಳದ ಕುದುರೆ, ಮೂಗಿನ ತುದಿಯಲ್ಲೇ ಕೋಪವಿರುವ ನಾಯಕಿ. ಕೊನೆಯಲ್ಲಿ, ಸರಿಯಾಗಿ ಮುತ್ತು ಕೊಡುವ ಹೊತ್ತಿಗೆ, ಆ ಆಕಾಶ ಕಳಚಿಕೊಂಡು ನಾಯಕನ ತಲೆಯ ಮೇಲೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಅವಳು ಏನೋ ನಾಜೂಕಾಗಿ ಬೈಯುತ್ತಾಳೆ. ನಾನು, “ಆಕಾಶ ಬಿದ್ದೋಯ್ತು, ಯಾರಾದ್ರೂ ಎತ್ತಿ ನಿಲ್ಲಿಸ್ರಪ್ಪಾ, ನಂಗೆ ಮನೇಲಿ ಕೆಲ್ಸ ಐತೆ” ಅಂದೆ. ಸ್ಟುಡಿಯೋದವರು ಬಿದ್ದು ಬಿದ್ದು ನಕ್ಕು ಅದನ್ನೇ ಇಟ್ಟುಕೊಂಡರು.

ನೋಡಿದವರು ಮಾತ್ರ ನಗಲಿಲ್ಲ. ಆನ್‌ಲೈನಲ್ಲಿ ಸಿನಿಮಾದ ಕೆಳಗೆ ಜನ ಬರೆದ ಕಮೆಂಟುಗಳನ್ನೆಲ್ಲ ಕೂತು ಓದಿದೆ, ಓದಬಾರದಿತ್ತು. “ಹಾಲಿವುಡ್ ನಟಿ ದೊಡ್ಡಬಳ್ಳಾಪುರ ಬಸ್‌ಸ್ಟ್ಯಾಂಡಲ್ಲಿ ಜಗಳಕ್ಕೆ ನಿಂತಂಗಿದೆ ಗುರು” ಅಂತ ಒಬ್ಬ. ಊರನ್ನಾದರೂ ಸರಿಯಾಗಿ ಹಿಡಿದಿದ್ದಾನೆ. ಕನ್ನಡದವರು ಕೆಡಿಸಿಟ್ಟಿದ್ದಾರೆ, ಇಂಗ್ಲಿಷಲ್ಲೇ ನೋಡಿ ಅಂತ ಇನ್ನೊಬ್ಬ, ಅದನ್ನೂ ಇಂಗ್ಲಿಷಿನಲ್ಲೇ ಬರೆದಿದ್ದಾನೆ. ಒಬ್ಬಳು ಹತ್ತು ನಿಮಿಷ ನೋಡಿ ಬಿಟ್ಟಳಂತೆ, ಅಭಿಪ್ರಾಯ ಮಾತ್ರ ಮೊಳದುದ್ದ. ಈ ಹಳೇ ಕಾಲದ ಕಥೆ ಯಾರಿಗೆ ಬೇಕು ಅಂತ ಮತ್ತೊಬ್ಬ. ಹಳೇ ಕಾಲದ ಕಥೆ ಅಂತ ಮೇಲೇ ಬರೆದಿದೆಯಲ್ಲಪ್ಪ, ಮತ್ತೆ ಯಾಕೆ ನೋಡಿದೆ?

ಊರಿನವರು ಇವರಿಗಿಂತ ಒಂದು ಕೈ ಮೇಲು. ನಮ್ಮಲ್ಲಿ ನೂಲು ಸುತ್ತಲು ಬರುವ ಮಾರಕ್ಕ ಕೊನೆಯವರೆಗೂ ನೋಡಿ, “ಆವಮ್ಮ ಹಾಕ್ಕೊಂಡಿದ್ದು ಪಾಲಿಯೆಸ್ಟರಾ, ರೇಷ್ಮೆನಾ?” ಅಂದಳು. ಅಷ್ಟೇ ಅವಳ ವಿಮರ್ಶೆ. ಅಮ್ಮ, “ಅಷ್ಟೊತ್ತು ಕೂತಿದ್ದೆ, ನಿನ್ನ ಮುಖ ಒಂದ್ಸಲಾನೂ ತೋರಿಸ್ಲಿಲ್ವಲ್ಲೇ” ಅಂತ ಮುನಿಸಿಕೊಂಡಳು. ಸೀರೆ ವ್ಯಾಪಾರದ ಕೆಂಪರಾಜ್ ಗಿರಾಕಿಗಳ ಎದುರಿಗೇ, “ಬಾಯಿ ಒಂದು ಹೇಳ್ತದೆ, ದನಿ ಇನ್ನೊಂದು ಹೇಳ್ತದೆ. ತಲೆ ಕೆಟ್ಟೋಯ್ತು ಕಣಮ್ಮ ಸ್ನೇಹ” ಅಂದ. ಅವನನ್ನು ಏನಂತ ಬೈಯಲಿ? ಮಗ್ಗದ ಸದ್ದಿನಲ್ಲಿ ಬೆಳೆದ ನಮ್ಮ ಬೀದಿಯವರು ಕಿವಿಗಿಂತ ಮೊದಲು ಬಾಯಿ ನೋಡಿಯೇ ಮಾತು ತಿಳಿಯುವವರು. ಅವರಿಗೆ ಡಬ್ಬಿಂಗ್ ತೋರಿಸಲು ಹೋದ ನನಗೇ ಬುದ್ಧಿಯಿಲ್ಲ.

ಇವರೆಲ್ಲ ಏನಾದರೂ ಅಂದುಕೊಳ್ಳಲಿ, ಅಪ್ಪ ಒಂದು ಮಾತು ಚೆನ್ನಾಗಿದೆ ಅಂದರೆ ಸಾಕಾಗಿತ್ತು ನನಗೆ. ಇಷ್ಟು ವರ್ಷ ಏನು ತೋರಿಸಹೋದರೂ “ಆಮೇಲೆ ನೋಡ್ತೀನಿ ಬಿಡಮ್ಮ” ಎಂದು ಎದ್ದು ಹೋಗುತ್ತಿದ್ದರು. ದನಿ ಕೊಡುವುದೂ ಒಂದು ಕೆಲಸವಾ ಎಂಬ ತಾತ್ಸಾರ ಅದು ಎಂದು ನಿನ್ನ ಹತ್ತಿರವೇ ಎಷ್ಟು ಸಲ ಅತ್ತಿದ್ದೇನೆ. ಈ ಸಲ ಬಿಡಲಿಲ್ಲ. ಮೊನ್ನೆ ಶುಕ್ರವಾರ ಕೈ ಹಿಡಿದು ಎಳೆದು ಕೂರಿಸಿದೆ. ಪೂರ್ತಿ ನೋಡಿದರು, ನಕ್ಕರು. “ನಿನ್ನ ದನಿ ಖಡಕ್ಕಾಗಿ ಬಂದೈತೆ ಕಣಮ್ಮ” ಅಂದರು. ನಿನ್ನ ಎರಡನೇ ಪ್ರಶ್ನೆಗೆ ಅದೇ ಉತ್ತರ.

ದೀಪಾವಳಿಗೆ ರಜೆ ಹಾಕಿ ಬಾ. ಕ್ಯಾಂಟೀನಿನ ಪಫ್ ತಿಂದು ಹೊಟ್ಟೆ ತುಂಬಿಸಿಕೊಳ್ಳಬೇಡ, ನೆಟ್ಟಗೆ ಊಟ ಮಾಡು. ನಿನ್ನ ಮೈ ಗಟ್ಟಿಯಾಗಿರಲಿ, ನಿನ್ನ ಸೂಪರ್‌ವೈಸರಿಗೆ ಒಳ್ಳೆಯ ಬುದ್ಧಿ ಬರಲಿ.

ನಿನ್ನ ಅಕ್ಕ,
ಸ್ನೇಹ

ವಿ.ಸೂ.: ಮಡಚಿಟ್ಟಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಶುಕ್ರವಾರದ್ದನ್ನು ಪೂರ್ತಿ ಹೇಳಲಿಲ್ಲ.

ಸಿನಿಮಾ ಹಾಕಿಕೊಟ್ಟು ನಾನು ಅಡಿಗೆಮನೆಗೆ ಹೋಗಿಬಿಟ್ಟೆ. ಅಪ್ಪನ ಮುಖ ನೋಡುತ್ತ ಕೂರುವ ಧೈರ್ಯ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಅಮ್ಮ ಮಗ್ಗ ಓಡಿಸುತ್ತಿದ್ದಳು, ಮನೆಯೆಲ್ಲ ಅದೇ ಸದ್ದು. ಊಟದ ಹೊತ್ತಿಗೆ ಅವಳು ಮಗ್ಗ ನಿಲ್ಲಿಸಿದಳು. ಮನೆ ಗಪ್ಪಾಯಿತು. ಟಿವಿಯಿಂದ ಒಂದು ಸೊಲ್ಲೂ ಇಲ್ಲ. ಸಿನಿಮಾ ಮುಗಿದಿರಬೇಕೆಂದು ಹೋಗಿ ನೋಡಿದರೆ ನಾಯಕಿ ಬಾಯಿ ಬಡಿದುಕೊಳ್ಳುತ್ತಿದ್ದಾಳೆ, ಆಕಾಶ ಬಿದ್ದಿದೆ, ಅಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದಾರೆ. ಬೆಳಿಗ್ಗೆ ಯಾರದೋ ಫೋನ್ ಬಂದಾಗ ಅಮ್ಮ ಟಿವಿಯ ಸದ್ದು ಪೂರ್ತಿ ನಿಲ್ಲಿಸಿದ್ದಳಂತೆ, ಆಮೇಲೆ ಯಾರೂ ಹಾಕಿರಲಿಲ್ಲ. ಅಪ್ಪ ಸಿನಿಮಾವನ್ನು ಮೊದಲಿನಿಂದಲೂ ಹಾಗೇ ನೋಡಿದ್ದಾರೆ.

ಹಿಂದಿನಿಂದ “ಅಪ್ಪಾ” ಅಂತ ಕರೆದೆ. ಇನ್ನೊಮ್ಮೆ ಜೋರಾಗಿ ಕರೆದೆ. ತಿರುಗಲಿಲ್ಲ. ಎದುರಿಗೆ ಹೋಗಿ ನಿಂತ ಮೇಲೆ ನನ್ನ ಬಾಯಿಯನ್ನೇ ನೋಡುತ್ತ ಆ ಮಾತು ಹೇಳಿದರು, ದನಿ ಖಡಕ್ಕಾಗಿ ಬಂದೈತೆ ಅಂತ. ರಿಮೋಟು ನನ್ನ ಕೈಯಲ್ಲೇ ಇತ್ತು. ಸದ್ದು ಹಾಕಲಿಲ್ಲ. ಹೂಂ ಅಪ್ಪ ಅಂದೆ.

ಇಷ್ಟು ದಿನ ನಾವಿಬ್ಬರೂ ಮುನಿಸಿಕೊಂಡು ಕೂತಿದ್ದು ಇದಕ್ಕೆ ಕಣೋ. ಸಿಟ್ಟು ಬರುತ್ತಿದೆ, ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ. ಅಮ್ಮನಿಗೆ ಹೇಳಿಲ್ಲ. ನೀನು ಬಂದಾಗ ಬಾಗಿಲಿನಿಂದ ಕೂಗಬೇಡ ಅಭಿ. ಒಳಗೆ ಹೋಗಿ ಅಪ್ಪನ ಎದುರು ನಿಂತು ಮಾತಾಡು.